ದನಗಳಿಗೆ ಬಿಟ್ಟ 4 ಲಕ್ಷ ಎಕರೆ

ನಮ್ಮ ಕಡೂರು ತಾಲ್ಲೂಕಿನ ಹಿರೇನಲ್ಲೂರು ಸೀಮೆಯಲ್ಲಿ 5 ಎಕರೆ ಖುಷ್ಕಿ ಇರುವ ಸಂಸಾರ ರಾಗಿ ಬಿತ್ತಿ, ಮಳೆ ನಂಬಿ ವರ್ಷ ದೂಡುತ್ತದೆ. ಅಂಥ 80 ಸಾವಿರ ಸಂಸಾರಗಳ ಹೊಲ ಒಟ್ಟುಗೂಡಿಸಿ, ಒಂದು ಸಾಲೂ ಉಳದೆ ಪೂರಾ ಹುಲ್ಲಿಗೆ ಬಿಟ್ಟಿದ್ದಾರೆ ಎಂದುಕೊಳ್ಳಿ. ಮೈಸೂರು ಸಂಸ್ಥಾನದ ಅಮೃತ ಮಹಲ್ ದನಗಳು ಮೇಯುವ ಕಾವಲುಗಳು ಒಂದು ಕಾಲಕ್ಕೆ ಅಷ್ಟಿದ್ದವು, 4 ಲಕ್ಷ ಎಕರೆಗೂ ಮೇಲು. ಚದರ ಕಿಲೋಮೀಟರಿನ ಲೆಕ್ಕದಲ್ಲಿ 1,600 ದಾಟುತ್ತದೆ. 2025ರವರೆಗೆ ಇದ್ದ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯೇ 700 ಚಿಲ್ಲರೆ. ಕಡೂರು, ಅಜ್ಜಂಪುರ, ಚಿತ್ರದುರ್ಗ, ಹಾಸನ, ತುಮಕೂರಿನ ಕಡೆಯೆಲ್ಲ ಇವು ತುಂಡುತುಂಡಾಗಿ ಹರಡಿದ್ದವು.

ಜಮೀನ್ದಾರಿಕೆಗೆ ಕುಖ್ಯಾತವಾದ 19ನೇ ಶತಮಾನದ ಐರ್ಲೆಂಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1870ರ ದಶಕದಲ್ಲಿ ಆ ದೇಶದ ಅತಿ ದೊಡ್ಡ ಭೂಮಾಲೀಕ ರಿಚರ್ಡ್ ಬೆರಿಡ್ಜ್. ಗಾಲ್ವೇ ಕೌಂಟಿಯಲ್ಲಿ ಅವನಿಗಿದ್ದದ್ದು ಸುಮಾರು 1 ಲಕ್ಷ 60 ಸಾವಿರ ಎಕರೆ. ನಮ್ಮ ಕಾವಲುಗಳು ಅದರ ಎರಡೂವರೆ ಪಟ್ಟು! ಐರ್ಲೆಂಡಿನ ಎಸ್ಟೇಟುಗಳಲ್ಲಿ ಒಡೆಯನ ಪರವಾಗಿ ಏಜೆಂಟರು ಗೇಣಿ ವಸೂಲಿ ಮಾಡುತ್ತಿದ್ದರು, ಕಟ್ಟಲಾಗದ ಒಕ್ಕಲನ್ನು ಮನೆಯಿಂದಲೇ ಎಬ್ಬಿಸುತ್ತಿದ್ದರು. ಇಲ್ಲಿ ಒಕ್ಕಲೆಂದರೆ ದನ, ಗೇಣಿಯೆಂದರೆ ಹೋರಿ. ಗೇಣಿಯ ಅವಧಿ ಒಂದು ಋತು.

ಈ ಋತುವಿನ ಲೆಕ್ಕವೇ ನನಗೆ ಎಲ್ಲಕ್ಕಿಂತ ಬೆರಗಿನದು. ಮಳೆಗಾಲಕ್ಕೆ ಬೇರೆ ಕಾವಲು, ಚಳಿಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ. ಬೇಸಿಗೆಯದಕ್ಕೆ ಬೆಲೆ ಹೆಚ್ಚು, ಏಕೆಂದರೆ ಅಲ್ಲಿ ಕೆರೆಯಿರಬೇಕು, ಮರದ ನೆರಳಿರಬೇಕು. ಹಿಂಡಿನ ಮೇಲ್ವಿಚಾರಕರಾದ ಸೇರ್ವೇಗಾರರ ಕೈಕೆಳಗೆ ಹಿಂಡುಗಳು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಮೇಯ್ದ ನೆಲ ಅಷ್ಟರಲ್ಲಿ ಮತ್ತೆ ಚಿಗುರುತ್ತಿತ್ತು. ಈ ಹಸುಗಳು ಕರೆಯುವ ಹಾಲು ಅಷ್ಟಕ್ಕಷ್ಟೆ. ಕರುಗಳೇ ಕುಡಿದು ಬೆಳೆಯುತ್ತಿದ್ದವು. ಬಯಲಲ್ಲೇ ಹುಟ್ಟಿ ಮನುಷ್ಯರ ಕೈ ಸೋಕದ ಕರುಗಳನ್ನು ಹಿಡಿದು ಪಳಗಿಸುವುದೇ ಒಂದು ಸಾಹಸ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅಷ್ಟು ಹುಲ್ಲು ತಿಂದ ಹೋರಿಗಳು ಏನು ಮಾಡಿದವು ಎಂಬುದು ಯುದ್ಧದ ದಾಖಲೆಗಳಲ್ಲಿದೆ. ಇವುಗಳ ಬಲದಿಂದ ಹೈದರಾಲಿ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದ. ಅಂದರೆ ದಿನಕ್ಕೆ 64 ಕಿಲೋಮೀಟರ್, ಕಡೂರಿನಿಂದ ಹೊರಟು ಸಂಜೆಯೊಳಗೆ ಅರಸೀಕೆರೆ ದಾಟಿ ಎಷ್ಟೋ ಮುಂದೆ ಹೋದಂತೆ. ಟಿಪ್ಪು ಬ್ರಿಟಿಷ್ ಜನರಲ್ ಮೆಡೋಸನ ಮುಂದೆ 2 ದಿನದಲ್ಲಿ 63 ಮೈಲಿ ಸಾಗಿದ. ಪೇಶ್ವೆಯ ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರ್‌ನದು 25 ದಿನಕ್ಕೆ 346 ಮೈಲಿ. ಇಂಜಿನ್ನಿಲ್ಲದೆ, ಡಾಂಬರು ಕಾಣದ ದಾರಿಯಲ್ಲಿ ಫಿರಂಗಿ ಎಳೆದುಕೊಂಡು!

1860ರಲ್ಲಿ ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿಸಿದ. ಎಷ್ಟೋ ದನ ಈಜಿಪ್ಟಿನ ಪಾಷಾನ ಪಾಲಾದವು. ಆಮೇಲೆ ಸೈನ್ಯಕ್ಕೆ ತಕ್ಕ ಎತ್ತು ಸಿಗದೆ, 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಶತಮಾನಗಳ ತಳಿಯನ್ನು ಒಂದು ಸಹಿಯಲ್ಲಿ ಚೆಲ್ಲಿಬಿಡುವುದು ಎಷ್ಟು ಸುಲಭ ಎಂದು ಎದೆ ಝಲ್ಲೆನ್ನುತ್ತದೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಶುರುವಾದದ್ದು 1929ರಲ್ಲಿ. ಅಲ್ಲಿನ ಹೋರಿಕರುಗಳ ಹರಾಜಿಗೆ ಇವತ್ತಿಗೂ ದೂರದ ಊರುಗಳಿಂದ ರೈತರು ಬರುತ್ತಾರೆ.

ದನ ಉಳಿದರೂ ನೆಲ ಉಳಿಯಲಿಲ್ಲ. ಫಿರಂಗಿಗೆ ಮೋಟಾರು ಬಂತು. ಹೆಚ್ಚು ಆಹಾರ ಬೆಳೆಯಿರಿ ಎಂದು ಸರ್ಕಾರ ಉಳುಮೆಗೆ ಭೂಮಿ ಹಂಚಿತು. ಭೂಮಿಯಿಲ್ಲದವರು ಬಗರ್ ಹುಕುಂ ಉತ್ತರು, ಅದನ್ನು ಸಕ್ರಮ ಮಾಡಿಸಿಕೊಳ್ಳಲು ಫಾರಂ 50, 53, ಕೊನೆಗೆ 2018ರಲ್ಲಿ 57 ಹಿಡಿದು ತಾಲ್ಲೂಕು ಕಚೇರಿಗೆ ಅಲೆದರು. ಹೊಟ್ಟೆಪಾಡಿಗೆ ಉತ್ತವರನ್ನು ನಾನು ದೂರಲಾರೆ. ಆದರೆ ಚಳ್ಳಕೆರೆಯ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಕೊಟ್ಟಾಗ ಕುರಿ ಕಾಯುವವರು ಹೋಗಬೇಕಾದದ್ದು ಎಲ್ಲಿಗೆ? ನಮ್ಮದೇ ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಮೀಸಲಾಯಿತು. ಅದು 736 ಹೆಕ್ಟೇರ್, ಸುಮಾರು 1,800 ಎಕರೆ. ಹಳೆಯ ಲೆಕ್ಕದಲ್ಲಿ 200 ಎಕರೆಗೆ 1 ಎಕರೆಯೂ ಆಗುವುದಿಲ್ಲ.