ಬೆಟ್ಟ ಹತ್ತಿದವರಿಗೆ ಬಸ್ಸು ಕಾಯುವುದಿಲ್ಲ

ಧನುರ್ಮಾಸ ಬಂತೆಂದರೆ ನಮ್ಮ ಸೀಮೆಗೆ ಎರಡು ವಾಸನೆ. ಒಂದು, ಸಂತೆಯಲ್ಲಿ ರಾಶಿ ಬಿದ್ದ ಸೊಗಡು ಅವರೆಕಾಯಿಯದು. ಇನ್ನೊಂದು, ಬೆಟ್ಟದ ಒಣಹುಲ್ಲಿನದು. ಮೊದಲನೆಯದು ಮನೆಗೆ ಕರೆಯುತ್ತದೆ, ಎರಡನೆಯದು ಮನೆ ಬಿಡಿಸುತ್ತದೆ. ಮಧುಗಿರಿ, ಕೊರಟಗೆರೆ, ಪಾವಗಡದ ಬಸ್ ನಿಲ್ದಾಣಗಳಲ್ಲಿ ಈಗ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಬೆನ್ನಿಗೆ ಚೀಲ, ಕಾಲಿಗೆ ಕ್ಯಾನ್‌ವಾಸ್ ಬೂಟು, ತಲೆಗೆ ಟೋಪಿ. ಬೆಂಗಳೂರಿನವರು ಮಾತ್ರವೇ ಅಂದುಕೊಳ್ಳಬೇಡಿ. ನಮ್ಮೂರಿನ ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಹುಡುಗರೂ ಇದ್ದಾರೆ.

ಕಳೆದ ಚಳಿಗಾಲದಲ್ಲಿ ಈ ಅಂಕಣದವನಿಗೂ ಆ ಹುಚ್ಚು ಹತ್ತಿತು. ಜೊತೆಗೆ ಒಬ್ಬ ದಿನಸಿ ಅಂಗಡಿ ಸಾಹುಕಾರರು, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಡಿಗ್ರಿ ಓದುವ ಹುಡುಗ. ಯೋಜನೆ ಬಲು ಸುಲಭ. ಸಿದ್ದರಬೆಟ್ಟವನ್ನು ಮೆಟ್ಟಿಲ ಕಡೆಯಿಂದ ಹತ್ತುವುದು, ನೆತ್ತಿ ಮುಟ್ಟುವುದು, ಹಿಂಬದಿಯ ಏಣಿನ ಮೇಲೆ ನಡೆದು ಕಾಡಿನೊಳಗೆ ಇಳಿದು, ಸುತ್ತು ಹಾಕಿಕೊಂಡು ಮತ್ತೆ ಮೆಟ್ಟಿಲ ಬುಡಕ್ಕೆ ಬರುವುದು. ಸಂಜೆ ಬಸ್ಸಿಗೆ ವಾಪಸು. ಹತ್ತಿದ ದಾರಿಯಲ್ಲೇ ಇಳಿಯುವುದು ಏನು ಮಹಾ ಅನ್ನುವ ಜಂಭ!

ಗುಹೆಯ ತನಕ ಎಲ್ಲ ಸಲೀಸು

ಮೊದಲ ಬಸ್ಸಿಗೆ ಹೊರಟು, ಮಂಜು ಇನ್ನೂ ಹೊಲದ ಮೇಲೆ ಕೂತಿರುವಾಗಲೇ ಬುಡ ಸೇರಿದೆವು. ಸಿದ್ದರಬೆಟ್ಟ ಯಾರಿಗೆ ಗೊತ್ತಿಲ್ಲ? ಗುಹೆಯೊಳಗೆ ಸಿದ್ದೇಶ್ವರ, ಅಲ್ಲೇ ಬಂಡೆ ನಡುವೆ ನೀರಿನ ಒರತೆ. ಗಿಡಮೂಲಿಕೆಗೆ ಹೆಸರಾದ ಬೆಟ್ಟ. ನಾಟಿ ವೈದ್ಯರು ಬೇರು ನಾರು ಹುಡುಕಿ ಬರುತ್ತಿದ್ದ ಜಾಗ. ಮೆಟ್ಟಿಲು ಉಂಟು, ಭಕ್ತರು ಉಂಟು, ಮಂಗಗಳಂತೂ ಬೇಕಾದಷ್ಟು. ಸಾಹುಕಾರರ ಕೈಲಿದ್ದ ಬಾಳೆಹಣ್ಣಿನ ಚಿಪ್ಪು ಐವತ್ತನೇ ಮೆಟ್ಟಿಲಿಗೇ ಖರ್ಚಾಯಿತು.

ಗುಹೆಯಿಂದ ಮೇಲಕ್ಕೆ ಮೆಟ್ಟಿಲಿಲ್ಲ. ಬಂಡೆ ಸಂದಿಯಲ್ಲಿ ನುಸುಳಬೇಕು, ಕೈ ಊರಿ ಹತ್ತಬೇಕು. ಹನ್ನೊಂದು ಗಂಟೆಗೆ ನೆತ್ತಿ. ಸುತ್ತ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ. ಮೇಷ್ಟ್ರು ಅಲ್ಲೇ ಪಾಠ ಶುರು ಮಾಡಿದರು.

‘‘ಉತ್ತರದಲ್ಲಿ ಪಾವಗಡದ ನಿಡಗಲ್ಲು. ಅಲ್ಲಿಂದ ಮಿಡಿಗೇಶಿ, ಮಧುಗಿರಿ, ಚನ್ನರಾಯನದುರ್ಗ. ದಕ್ಷಿಣಕ್ಕೆ ದೇವರಾಯನದುರ್ಗ, ಶಿವಗಂಗೆ, ಸಾವನದುರ್ಗ. ದಾರದಲ್ಲಿ ಪೋಣಿಸಿದ ಹಾಗೆ ಒಂದೇ ಸಾಲು ಕಣ್ರಯ್ಯ. ಭೂವಿಜ್ಞಾನದವರು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟು ಅಂತಾರೆ. ರಾಮನಗರದ ಹಳೇ ಹೆಸರು ಅದು. ಸುಮಾರು 250 ಕೋಟಿ ವರ್ಷದ ಕಲ್ಲು.’’

‘‘ಅಷ್ಟು ಹಳೇ ಸ್ಟಾಕ್ ನಮ್ಮಂಗ್ಡೀಲೂ ಇಲ್ಲ ಬಿಡಿ’’ ಅಂದರು ಸಾಹುಕಾರರು.

ಈ ಸಾಲಿನ ಮೇಲೆ ಕೋಟೆ ಕಟ್ಟದ ಪಾಳೇಗಾರನಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಬೆದನೂರನ್ನು 1763ರಲ್ಲಿ ಗೆದ್ದ ಹೈದರಾಲಿ, ರಾಣಿ ವೀರಮ್ಮಾಜಿಯನ್ನು ತಂದು ಸೆರೆ ಇಟ್ಟದ್ದು ಅಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಸೆರೆಮನೆಗೆ ಆ ಬೆಟ್ಟವನ್ನು ಯಾಕೆ ಆರಿಸಿದ ಅನ್ನುವುದು ಅದರ ನುಣುಪು ಬಂಡೆಯ ಮೇಲೆ ಒಮ್ಮೆ ಕಾಲಿಟ್ಟವರಿಗೆ ಹೇಳಬೇಕಿಲ್ಲ. ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಮೊಣಕಾಲು ಮಾತಾಡುತ್ತದೆ.

ಬಾಣ ತೋರಿಸಿದ ಕಡೆ

ಚಿತ್ರಾನ್ನ ಮುಗಿಸಿ ಹನ್ನೆರಡೂವರೆಗೆ ಹಿಂಬದಿಗೆ ಹೊರಟೆವು. ಬಂಡೆ ಮೇಲೆ ಯಾರೋ ಪುಣ್ಯಾತ್ಮರು ಬಿಳಿ ಬಣ್ಣದಲ್ಲಿ ಬಾಣ ಬರೆದಿದ್ದರು. ಒಂದು, ಎರಡು, ಏಳು ಬಾಣ. ಎಂಟನೆಯದು ಸಿಗಲಿಲ್ಲ. ಹುಲ್ಲು ಎದೆಮಟ್ಟ. ಸುಣ್ಣದಂತೆ ಒಣಗಿದ ಹಳ್ಳ ಒಂದು ಸಿಕ್ಕಿತು. ಹಳ್ಳ ಹಿಡಿದರೆ ಊರು ಸಿಗುತ್ತದೆಂಬ ನಂಬಿಕೆಯಲ್ಲಿ ಇಳಿದೆವು. ಸ್ವಲ್ಪ ದೂರದಲ್ಲಿ ಹಳ್ಳ ಒಂದು ಹತ್ತಾಳುದ್ದದ ಬಂಡೆಯಿಂದ ಕೆಳಕ್ಕೆ ಧುಮುಕಿತು. ನಾವು ಧುಮುಕುವ ಹಾಗಿರಲಿಲ್ಲ. ಮತ್ತೆ ಮೇಲೆ. ತೆಳ್ಳಗೆ ಒಂದು ಕಾಲುದಾರಿ ಕಂಡಿತು, ಹಿಡಿದೆವು. ಅದು ಕಮರದ ಗಿಡಗಳ ನಡುವೆ ಸುತ್ತಿ ಸುತ್ತಿ ಲಂಟಾನದ ಪೊದೆಯಲ್ಲಿ ಮುಗಿದು ಹೋಯಿತು.

ಮೂರು ಗಂಟೆ. ನೀರಿನ ಬಾಟಲು ಖಾಲಿ. ಹುಡುಗನ ಫೋನಿನಲ್ಲಿ ನಕ್ಷೆ ಇತ್ತು, ಸಿಗ್ನಲ್ ಇರಲಿಲ್ಲ. ಸಾಹುಕಾರರ ಅಂಗೈ ಮುಳ್ಳಿಗೆ ಹರಿದಿತ್ತು. ಮೇಷ್ಟ್ರು ಬಂಡೆ ಮೇಲೆ ಕೂತು, ‘‘ಒಂದೈದು ನಿಮಿಷ’’ ಅಂದವರು ಇಪ್ಪತ್ತು ನಿಮಿಷ ಏಳಲಿಲ್ಲ. ಮುಖ ಬೆವರಿತ್ತು. ಆಗ ನಮಗೆ ನಿಜವಾಗಿ ಭಯವಾಯಿತು. ಅರವತ್ತೈದು ದಾಟಿದ ಮನುಷ್ಯ, ಬಿ.ಪಿ. ಮಾತ್ರೆ ಮನೆಯಲ್ಲಿ. ಹೊತ್ತುಕೊಂಡು ಇಳಿಯೋಣವೆಂದರೆ ಯಾವ ಕಡೆಗೆ? ಮನೆಯಲ್ಲಿ ಹೇಳಿದ್ದು ‘‘ಸಿದ್ದರಬೆಟ್ಟಕ್ಕೆ ಹೋಗ್ತೀವಿ’’ ಅಂತ ಅಷ್ಟೇ. ಹಿಂಬದಿಯ ಮಾತು ಯಾರಿಗೂ ಹೇಳಿರಲಿಲ್ಲ.

ಕೆಳಗಿನಿಂದ ಗಂಟೆಯ ಸದ್ದು ಕೇಳಿತು. ಮೇಕೆ ಕೊರಳಿನ ಗಂಟೆ. ಹುಡುಗ ಕೂಗಿದ. ಕಂಬಳಿ ಹೊದ್ದ ಹಿರಿಯರೊಬ್ಬರು ಮೇಲೆ ಬಂದರು. ಮೊದಲು ಮೇಷ್ಟ್ರಿಗೆ ತಮ್ಮ ಬಾಟಲಿನ ನೀರು ಕೊಟ್ಟರು. ಆಮೇಲೆ ನಮಗೆ ಉಗಿದರು.

‘‘ಬಾಣ ನೋಡ್ಕಂಡ್ ಬಂದ್ರಾ? ಅದ್ಯಾರೋ ಪ್ಯಾಟೆ ಹುಡುಗ್ರು ಬರ್ದಿದ್ದು ಕಣಣ್ಣ. ಅಲ್ಲಿಂದತ್ಲಾಗೆ ಅವ್ರಿಗೂ ಗೊತ್ತಿಲ್ಲ.’’

‘‘ಮತ್ತೆ ಈ ದಾರಿ?’’

‘‘ಇದು ಮೇಕೆ ದಾರಿ. ಮೇಕೆ ದಾರಿ ಊರಿಗ್ ಹೋಗಲ್ಲ, ಸೊಪ್ಪಿಗ್ ಹೋಗ್ತದೆ.’’

ಆ ಒಂದು ಮಾತಿಗೆ ನಮ್ಮ ಡಿಗ್ರಿ, ಅನುಭವ, ಫೋನು ಎಲ್ಲ ಮುಗಿಯಿತು. ಅವರು ಮುಂದೆ, ನಾವು ಹಿಂದೆ. ನಡೆಯುವಾಗೆಲ್ಲ ಹೋ ಹೋ ಎಂದು ಕೂಗುತ್ತಿದ್ದರು. ಮೇಕೆಗೆ ಇರಬೇಕು ಅಂದುಕೊಂಡೆವು.

‘‘ಮೇಕೆಗಲ್ಲಣ್ಣ, ಕಲ್ಡಿಗೆ. ಬರ್ತಾ ಇದೀವಿ ಅಂತ ಅದಕ್ ಗೊತ್ತಾಗ್ಬೇಕು.’’

ಇದು ಕರಡಿಯ ಮನೆ

ಈ ಮಾತನ್ನು ನಗೆಯಾಡುವ ಹಾಗಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡದ ಬಂಡೆ ಗವಿಗಳು ಕರಡಿಯ ಹುಟ್ಟೂರು. ತಿಮ್ಮಲಾಪುರದ ಕಾಡನ್ನು 2016ರಲ್ಲಿ ವನ್ಯಜೀವಿಧಾಮ ಎಂದು ಸಾರಿದಾಗ, ಅಲ್ಲಿ ಮುಖ್ಯ ಪ್ರಾಣಿ ಕರಡಿಯೇ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ಅಗೆಯುತ್ತಲೋ ಎಲಚಿ ಹಣ್ಣು ತಿನ್ನುತ್ತಲೋ ಮೈಮರೆತಿದ್ದಾಗ ಮನುಷ್ಯ ದಿಢೀರನೆ ಎದುರಾದರೆ, ಓಡುವ ಬದಲು ಮೇಲೆ ಬೀಳುತ್ತದೆ. ಹಗಲೆಲ್ಲ ಗವಿಯಲ್ಲಿ ಮಲಗಿ ಮುಸ್ಸಂಜೆಗೆ ಹೊರಡುವುದು ಅದರ ಪದ್ಧತಿ. ನಾವು ದಾರಿ ತಪ್ಪಿ ತಡಕಾಡುವ ಹೊತ್ತೂ ಅದೇ. ಚಳಿಗಾಲದಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೆಟ್ಟದ ನೆರಳಿನ ಬದಿಯಲ್ಲಿ ಐದಕ್ಕೇ ಕತ್ತಲು.

ಶಿರಾದ ಬುಕ್ಕಾಪಟ್ಟಣದ ಕಾಡು 2019ರಿಂದ ಚಿಂಕಾರ ವನ್ಯಧಾಮ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಕೃಷ್ಣಮೃಗಗಳಿಗೆ ಮೀಸಲು. ವನ್ಯಧಾಮಗಳ ಒಳಗೆ ಅಪ್ಪಣೆ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ತಪ್ಪು. ಕುಮಾರಪರ್ವತದಲ್ಲಿ 2024ರ ಜನವರಿ ಕೊನೆಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ, ಮುಂಗಡ ಟಿಕೆಟ್ ಇಲ್ಲದ ಚಾರಣಕ್ಕೆ ಸರ್ಕಾರ ತಡೆ ಹಾಕಿದ್ದೂ ಓದುಗರಿಗೆ ನೆನಪಿರಬಹುದು. ಆದ್ದರಿಂದ ಹೊರಡುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ನಾವು ಕೇಳಿರಲಿಲ್ಲ. ತಪ್ಪು ನಮ್ಮದೇ.

ಇನ್ನೊಂದು ಭಯ ಬೆಂಕಿಯದು. ಸಂಕ್ರಾಂತಿ ಕಳೆದರೆ ಹುಲ್ಲು ಸೀಮೆಎಣ್ಣೆ ಇದ್ದ ಹಾಗೆ. ಸೇದಿ ಎಸೆದ ಒಂದು ಬೀಡಿ ಸಾಕು, ರಾತ್ರಿಯಿಡೀ ಬೆಟ್ಟ ಹಾರ ಹಾಕಿಕೊಂಡ ಹಾಗೆ ಉರಿಯುತ್ತದೆ. ಊರಿನಿಂದ ನೋಡುವವರಿಗೆ ಅಂದ. ಅಲ್ಲಿಯ ಗೂಡಿಗೆ, ಮರಿಗೆ, ಬೇರಿಗೆ ಅಂತ್ಯ. ಮರುವರ್ಷ ಮೇಕೆಗೆ ಸೊಪ್ಪೂ ಇಲ್ಲ, ವೈದ್ಯರಿಗೆ ಮೂಲಿಕೆಯೂ ಇಲ್ಲ.

ಅವರೆಕಾಯಿ ಮೂಟೆಯ ಮೇಲೆ

ಹಿರಿಯರು ನಮ್ಮನ್ನು ಬಿಟ್ಟದ್ದು ಐದೂಮುಕ್ಕಾಲಿಗೆ, ಹೊರಟ ಜಾಗದಲ್ಲಲ್ಲ, ಬೆಟ್ಟದ ಆಚೆ ಬದಿಯ ಹಳ್ಳಿಯಲ್ಲಿ. ಸುತ್ತು ಅರ್ಧಕ್ಕೇ ನಿಂತಿತು. ಕೊನೆ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ದುಡ್ಡು ಕೊಡಲು ಹೋದರೆ ಆ ಹಿರಿಯರು ಕೈ ಅಡ್ಡ ಹಿಡಿದರು. ‘‘ಎಲಡಿಕೆಗೆ ಕೊಡಿ ಸಾಕು’’ ಅಂದರು. ಸಂತೆಗೆ ಅವರೆಕಾಯಿ ತುಂಬಿದ್ದ ಗೂಡ್ಸ್ ಆಟೋದವರು ಮೇಷ್ಟ್ರನ್ನು ಮುಂದೆ ಕೂರಿಸಿಕೊಂಡರು. ನಾವು ಮೂವರು ಮೂಟೆಗಳ ಮೇಲೆ. ಊರು ಸೇರಿದಾಗ ಸಾಹುಕಾರರ ಮನೆ ಮುಂದೆ ಹತ್ತು ಜನ ಸೇರಿದ್ದರು.

ಈಗ ನಮ್ಮ ಪ್ರಶ್ನೆ ಇಷ್ಟೆ. ಜನ ಬೆಟ್ಟಕ್ಕೆ ಹೋಗಬಾರದೆಂದರೆ ಹೋಗದೆ ಇರುವುದಿಲ್ಲ. ಹೋಗುವವರು ಹುಷಾರಾಗಿ ಬರುವ ಹಾಗೆ ಮಾಡಲು ಲಕ್ಷ ಲಕ್ಷ ಬೇಕೆ? ಪ್ರತಿ ಬೆಟ್ಟದ ಬುಡದಲ್ಲಿ ಒಂದು ಬೋರ್ಡು ಸಾಕು: ಎಲ್ಲಿಯ ತನಕ ಹೋಗಬಹುದು, ಎಷ್ಟು ಗಂಟೆಯ ಮೇಲೆ ಹತ್ತಬಾರದು, ಕೊನೆ ಬಸ್ಸು ಎಷ್ಟಕ್ಕೆ. ಹೋದವರ ಹೆಸರು, ಹೊತ್ತು ಬರೆಯಲು ಒಂದು ನೋಟ್‌ಬುಕ್ಕು. ಸಂಜೆ ಹೆಸರು ಹೊಡೆದುಹಾಕದಿದ್ದವರನ್ನು ಹುಡುಕಲು ಯಾರಾದರೂ ಒಬ್ಬರು. ಕಂಡಕಂಡವರು ಬರೆದ ಬಾಣ ಅಳಿಸಿ, ಬೆಟ್ಟ ಬಲ್ಲವರ ಕೈಲಿ ಒಂದೇ ಬಣ್ಣದಲ್ಲಿ ಗುರುತು ಹಾಕಿಸಬೇಕು. ಮೇಕೆ ಕಾಯುವವರಿಗಿಂತ ಚೆನ್ನಾಗಿ ಆ ಬೆಟ್ಟ ಬಲ್ಲವರು ಯಾರು? ದಾರಿ ತೋರಿಸುವ ಕೆಲಸ ಕೊಟ್ಟು ದಿನಗೂಲಿ ಕೊಟ್ಟರೆ ಅವರ ಮನೆಗೂ ನಾಲ್ಕು ಕಾಸು. ಬೆಂಕಿ ಬಿದ್ದಾಗ ಮೊದಲು ಓಡಿ ಬರುವವರೂ ಅವರೇ ಆಗುತ್ತಾರೆ.

ಹೋಗುವವರಿಗೂ ನಾಲ್ಕು ಮಾತು. ಒಬ್ಬರೇ ಹೋಗಬೇಡಿ. ತಲೆಗೆ ಎರಡು ಲೀಟರ್ ನೀರು ಇರಲಿ. ಯಾವ ಕಡೆ ಹತ್ತಿ ಯಾವ ಕಡೆ ಇಳಿಯುತ್ತೀರೆಂದು ಮನೆಯಲ್ಲಿ ಹೇಳಿ. ಮಾತಾಡುತ್ತಾ ನಡೆಯಿರಿ, ಗವಿ ಇಣುಕಬೇಡಿ. ದಾರಿ ಅನುಮಾನ ಬಂದ ಕೂಡಲೇ ಮುಂದಕ್ಕಲ್ಲ, ಬಂದ ದಾರಿಗೇ ತಿರುಗಿ. ನಾವು ಏಳನೇ ಬಾಣದಿಂದ ವಾಪಸು ಹೊರಟಿದ್ದರೆ ಎರಡು ಗಂಟೆಗೇ ಗುಹೆ ಸೇರಿರುತ್ತಿದ್ದೆವು.

ಮೊನ್ನೆ ಸಾಹುಕಾರರ ಅಂಗಡಿಗೆ ಸಕ್ಕರೆಗೆ ಹೋಗಿದ್ದೆ. ಅಂಗೈಯ ಮುಳ್ಳಿನ ಕಲೆ ಇನ್ನೂ ಇದೆ. ‘‘ಬರೋ ಭಾನುವಾರ ಮತ್ತೆ ಹೊಂಟಿದೀವಿ. ಆ ಅರ್ಧ ಸುತ್ತು ಉಳ್ಕಂಡೈತಲ್ಲ’’ ಅಂದರು. ಮೇಷ್ಟ್ರೂ ಬರುತ್ತಾರಂತೆ, ಮಾತ್ರೆ ಜೇಬಲ್ಲಿ ಇಟ್ಟುಕೊಂಡು. ಅರಣ್ಯ ಕಚೇರಿಯಲ್ಲಿ ಕೇಳಿ ಬಂದಿದ್ದಾರಂತೆ. ದಾರಿ ತೋರಿಸಲು ಆ ಕಂಬಳಿ ಹಿರಿಯರಿಗೂ ಹೇಳಿ ಕಳಿಸಿದ್ದಾರೆ. ಒಳಗಿನಿಂದ ಸಾಹುಕಾರರ ಮನೆಯವರ ದನಿ ಬಂತು: ‘‘ಮೂರು ಗಂಟೆಗೆ ಕೆಳಗಿರ್ಬೇಕು. ಇಲ್ದಿದ್ರೆ ಮನೇಗ್ ಬರೋದೇ ಬ್ಯಾಡ!’’

ಬೋರ್ಡಿನಲ್ಲಿ ಬರೆಸಬೇಕಾದದ್ದೂ ಇದನ್ನೇ. ಸಂಬಂಧಪಟ್ಟವರು ಗಮನ ಹರಿಸುವರೇ?