ನೀರಿನ ಆಳವೂ ಕಟ್ಟೆಯ ಬಲವೂ

ಮಳೆಗಾಲವು ಬಂದೊಡನೆ ನಮ್ಮ ಪತ್ರಿಕೆಗಳು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನದಿನವೂ ಪ್ರಕಟಿಸುತ್ತವೆ. 100 ಅಡಿ, 110 ಅಡಿ ಎಂದು ಏರುತ್ತ ಬಂದು, ಪೂರ್ಣಮಟ್ಟವಾದ 124.80 ಅಡಿಯನ್ನು ಮುಟ್ಟಿತೆಂದರೆ ನಾವೆಲ್ಲರೂ ಸಂತೋಷಪಡುತ್ತೇವೆ. ಆ ಅಂಕಿಯಲ್ಲಿ ನಾವು ಕಾಣುವುದು ಗದ್ದೆಗೂ ಕೊಳಾಯಿಗೂ ಒದಗುವ ನೀರನ್ನು. ಅದೇ ಅಂಕಿಯು ಕಟ್ಟೆಯ ಕಲ್ಲಿಗೆ ಯಾವ ಅರ್ಥವನ್ನು ಕೊಡುತ್ತದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಒಂದು ಘನ ಅಡಿ ನೀರು ಸುಮಾರು 62.4 ಪೌಂಡು ತೂಗುತ್ತದೆ. ಆದುದರಿಂದ ಒಂದು ಚದರ ಅಡಿ ನೆಲದ ಮೇಲೆ ಹತ್ತು ಅಡಿ ನೀರು ನಿಂತರೆ ಆ ನೆಲವು 624 ಪೌಂಡು ಭಾರವನ್ನು ಹೊರುತ್ತದೆ. ನೂರು ಅಡಿ ನಿಂತರೆ 6,240 ಪೌಂಡು, ಎಂದರೆ ಸುಮಾರು ಎರಡೂಮುಕ್ಕಾಲು ಟನ್ನು. ಮೇಲಿನ ನೀರಿನ ಭಾರವನ್ನೆಲ್ಲ ಕೆಳಗಿನ ನೀರು ಹೊರಬೇಕಾಗಿರುವುದೇ ಇದಕ್ಕೆ ಕಾರಣ. ನೆಲದ ಮೇಲಿಟ್ಟ ಬಂಡೆಯು ಕೆಳಕ್ಕೆ ಮಾತ್ರ ಒತ್ತುತ್ತದೆ. ನೀರಾದರೋ ದ್ರವವಸ್ತು, ಕೆಳಕ್ಕೆ ಒತ್ತುವಷ್ಟೇ ಬಲದಿಂದ ಪಕ್ಕಕ್ಕೂ ಮೇಲಕ್ಕೂ ಒತ್ತುತ್ತದೆ.

ವಿಸ್ತಾರವಾದ ಜಲಾಶಯವನ್ನು ಕಂಡವರು, ಅಷ್ಟು ನೀರೂ ಕಟ್ಟೆಯನ್ನೇ ನೂಕುತ್ತಿದೆಯೆಂದು ಭಾವಿಸುವುದು ಸಹಜ. ಆದರೆ ಅದು ಹಾಗಲ್ಲ. ನಿಂತ ನೀರು ಹಿಂದೆ ಹತ್ತು ಗಜ ಹರಡಿರಲಿ, ಹತ್ತು ಮೈಲಿ ಹರಡಿರಲಿ, ಆಳವು ಒಂದೇ ಆದರೆ ಒತ್ತಡವೂ ಒಂದೇ. ಪಾತ್ರೆಯ ಆಕಾರವಲ್ಲ, ನೀರಿನ ಎತ್ತರವೇ ಮುಖ್ಯವೆಂಬ ಈ ತತ್ತ್ವವನ್ನು ಸೈಮನ್ ಸ್ಟೆವಿನ್ ಎಂಬ ಫ್ಲೆಮಿಷ್ ಪಂಡಿತನು 1586ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಈಗ ಪತ್ರಿಕೆಯ ಅಂಕಿಗೆ ಹಿಂದಿರುಗೋಣ. ಲೆಕ್ಕದ ಸೌಕರ್ಯಕ್ಕಾಗಿ ಅದನ್ನೇ ನೀರಿನ ಆಳವೆಂದು ಇಟ್ಟುಕೊಳ್ಳೋಣ. 100 ಅಡಿಯಿಂದ 124.80 ಅಡಿಗೆ ಏರಿದಾಗ ಆಳವು ಹೆಚ್ಚುವುದು ಕಾಲುಭಾಗ. ಬುಡದ ಒತ್ತಡವೂ ಅಷ್ಟೇ. ಆದರೆ ಗೋಡೆಯ ಮೇಲೆ ಬೀಳುವ ಒಟ್ಟು ನೂಕು ಆಳದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ, ಅದು ಒಂದೂವರೆಯಷ್ಟನ್ನು ಮೀರುತ್ತದೆ. ಗೋಡೆಯನ್ನು ಉರುಳಿಸುವ ಪ್ರಭಾವವಂತೂ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಇಂಥ ಕಲ್ಲಿನ ಕಟ್ಟೆಗಳು ತಲೆಯಲ್ಲಿ ಕಿರಿದಾಗಿಯೂ ಬುಡದಲ್ಲಿ ಬಹಳ ದಪ್ಪವಾಗಿಯೂ ಇರುವುದು ಇದಕ್ಕಾಗಿಯೇ.

ದಪ್ಪವೊಂದೇ ಸಾಲದೆಂಬುದನ್ನು ಫ್ರಾನ್ಸ್ ದೇಶವು ದುಃಖದಿಂದ ಕಲಿಯಿತು. ಅಲ್ಲಿನ ಬೂಜೆ ಎಂಬಲ್ಲಿಯ ಕಟ್ಟೆಯು 1895ನೆಯ ಇಸವಿ ಏಪ್ರಿಲ್ 27ರಂದು ಒಡೆದು, ಎಂಬತ್ತಕ್ಕೂ ಮಿಕ್ಕಿದ ಜನರು ಪ್ರಾಣವನ್ನು ಕಳೆದುಕೊಂಡರು. ಆಳದ ನೀರು ಕಟ್ಟಡದ ಒಳಕ್ಕೆ ಹೊಕ್ಕು, ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಎತ್ತುವುದನ್ನು ಕಟ್ಟಿದವರು ಎಣಿಸಿರಲಿಲ್ಲ. ಭಾರದಿಂದಲೇ ನಿಲ್ಲಬೇಕಾದ ಗೋಡೆಯ ಭಾರವನ್ನು ನೀರೇ ಕದ್ದಂತಾಯಿತು. ಅಂದಿನಿಂದ ಎಂಜಿನಿಯರುಗಳು ಈ ಮೇಲೊತ್ತನ್ನು ಲೆಕ್ಕಕ್ಕೆ ಸೇರಿಸತೊಡಗಿದರು. ದೊಡ್ಡ ಕಟ್ಟೆಗಳೊಳಗೆ ಜಿನುಗುನೀರನ್ನು ಹೊರಕ್ಕೆ ಬಿಡುವ ನಾಳಗಳನ್ನು ಇರಿಸುವುದೂ, ಆ ನೀರನ್ನು ಅಳೆಯುವುದೂ ಇದೇ ಕಾರಣದಿಂದ.

ಆದುದರಿಂದ ಕಟ್ಟೆಯು ತುಂಬಿತೆಂಬ ಸುದ್ದಿಯನ್ನು ಓದಿ ನಾವು ಸಂತೋಷಪಡುವಾಗ, ಆ ದಿನವೇ ಅದರ ಕಾವಲಿನವರಿಗೆ ಎಚ್ಚರವು ಹೆಚ್ಚಬೇಕಾದ ದಿನವೆಂಬುದನ್ನೂ ನೆನೆಯುವುದು ಉಚಿತ. ಕಡೆಯ ಕೆಲವು ಅಡಿಗಳು ಕಣ್ಣಿಗೆ ಸ್ವಲ್ಪವೇ, ಕಲ್ಲಿಗೆ ಸ್ವಲ್ಪವಲ್ಲ.