ಒಲೆಯ ಅಳತೆ

ದೊಡ್ಡ ಕಷ್ಟಗಳಿಗೆ ದೊಡ್ಡ ಯೋಜನೆಗಳೇ ಬೇಕೆಂದು ಭಾವಿಸುವುದು ವಾಡಿಕೆ. ಆದರೆ ಬಡತನ, ಅನಾರೋಗ್ಯ, ಕಾಡಿನ ನಾಶ ಈ ಮೂರೂ ಒಂದೆಡೆ ಸೇರುವ ಸ್ಥಳ ಮನೆಯೊಳಗೇ ಉಂಟು. ಅದು ಅಡುಗೆಮನೆ.

ಮಾಗಡಿ ಸೀಮೆಯ ತಿಪ್ಪಸಂದ್ರದ ಸುತ್ತಿನ ಹಳೆಯ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಕಿಲ್ಲದ ಕೋಣೆ, ಮಸಿ ಹಿಡಿದ ತೊಲೆ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಊದುಗೊಳವೆ ಹಿಡಿದು ಹಸಿ ಸೌದೆ ಊದುತ್ತಿದ್ದ ನನ್ನ ತಾಯಿಯ ಕಣ್ಣಲ್ಲಿ ಸದಾ ನೀರು. ಅವರ ಕೊನೆಯ ವರ್ಷಗಳ ಕೆಮ್ಮನ್ನು ಮುಪ್ಪಿನ ಲಕ್ಷಣವೆಂದೇ ಬಗೆದೆವು. ಒಲೆಯತ್ತ ಬೆರಳು ತೋರುವ ತಿಳಿವಳಿಕೆ ನಮಗಿರಲಿಲ್ಲ.

ಆ ಒಲೆಯನ್ನೇ ಸಂಶೋಧನೆಯ ವಸ್ತುವಾಗಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ನೆಲೆಗೊಂಡಿತು. ಸುತ್ತಲ ಹಳ್ಳಿಗಳ ಇಂಧನದ ಲೆಕ್ಕ ತೆಗೆದಾಗ, ಬಹುಪಾಲು ಸೌದೆಯೆಂದೂ ಅದು ಉರಿಯುವುದು ಮುಖ್ಯವಾಗಿ ಅಡುಗೆಗೆಂದೂ ತಿಳಿಯಿತು.

1980ರ ದಶಕದಲ್ಲಿ ಮನೆಮಾತಾದ ‘ಅಸ್ತ್ರ ಒಲೆ’ ಈ ಅಧ್ಯಯನದ ಫಲ. ಸೌದೆಗೆ ಮುಚ್ಚಿದ ಗೂಡು, ಅದರಡಿ ಗಾಳಿಯಾಡಲು ಕಬ್ಬಿಣದ ಜಾಲರಿ, ಸಾಲಾಗಿ ಮೂರು ಪಾತ್ರೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿಗಾಳಿ ಉಳಿದೆರಡರ ತಳ ಸವರಿ ಕೊಳವೆಯ ಮೂಲಕ ಮಾಡಿನಾಚೆ ಹೋಗುತ್ತದೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಅದೇ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗೋಡೆಯ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಗೂಡಿಗೆ ಸೌದೆ ಬೇಡ. ಕೆಲಸ ಊರಿನವರಿಗೇ ದೊರೆಯುತ್ತದೆ.

ಆದರೆ ಚಿಕ್ಕ ವಸ್ತುವಿಗೆ ಚಿಕ್ಕ ಗಮನ ಸಾಲದು. ಪಾತ್ರೆಯ ಬಾಯಿ ಅಳತೆ ತಪ್ಪಿದರೂ, ಕೊಳವೆಯ ಮಸಿ ತೆಗೆಯದಿದ್ದರೂ ಹೊಗೆ ಮರಳಿ ಒಳಗೇ ಬರುತ್ತದೆ. ಕಟ್ಟುವ ಗಾರೆಯವನಿಗೂ ಅಡುವ ಗೃಹಿಣಿಗೂ ವಿಷಯ ಮನದಟ್ಟಾಗದಿದ್ದರೆ ಒಳ್ಳೆಯ ಒಲೆಯೂ ಮೂಲೆ ಸೇರುತ್ತದೆ.

2016ರ ಉಜ್ವಲ ಯೋಜನೆಯ ಬಳಿಕ ಅನೇಕ ಮನೆಗಳಿಗೆ ಅನಿಲ ಬಂದಿದೆ. ಆದರೂ ಎಷ್ಟೋ ಮನೆಗಳಲ್ಲಿ ಸೌದೆ ಇನ್ನೂ ಉರಿಯುತ್ತಿದೆ, ಸ್ನಾನದ ನೀರಿಗಾದರೂ. ಹಾಗಾಗಿ ಒಲೆಯ ಪಾಠ ಹಳತಾಗಿಲ್ಲ.

ನಾನು ಮನೆ ಕಟ್ಟಿಸಿದಾಗ ಪಡಸಾಲೆಗೆ ಮೂರು ಕಿಟಕಿ ಇಡಿಸಿ, ಅಡುಗೆಮನೆಗೆ ಒಂದು ಗವಾಕ್ಷಿ ಸಾಕೆಂದಿದ್ದೆ. ತಾಯಿಯ ಕೆಮ್ಮನ್ನು ಕೇಳಿ ಬೆಳೆದವನೇ ಹೀಗೆ ಮರೆತಿದ್ದೆ. ಮಡದಿ ತೋರಿಸಿಕೊಟ್ಟ ಮೇಲೆ ಗೋಡೆ ಒಡೆಸಿ ಕಿಟಕಿ ಇಡಿಸಿದೆ. ಮನೆ ಕಟ್ಟಿಸುವವರು ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ ಒಲೆಯ ಮುಂದೆ ನಿಲ್ಲುವವರನ್ನು ಒಂದು ಮಾತು ಕೇಳಲಿ.